ಲಂಚ ಕೊಡುವವರನ್ನೂ ಹಿಡಿದ ವಕೀಲ: ಮಾರ್ಕ್ ಪೀತ್ ಕೆಲಸದಿಂದ ಕೊಡಗಿಗೆ ಏನು ಸಿಗುತ್ತದೆ?

ಮಾದಾಪುರ_ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯಲ್ಲಿ ಭ್ರಷ್ಟಾಚಾರದ ಮಾತು ಬಂದರೆ ಚರ್ಚೆ ಯಾವಾಗಲೂ ಒಂದೇ ಕಡೆ ಹೋಗುತ್ತದೆ. ಯಾವ ಕಚೇರಿಯಲ್ಲಿ ಎಷ್ಟು ಕೇಳಿದರು, ಯಾರು ಸಿಕ್ಕಿಬಿದ್ದರು, ಯಾವಾಗ ವಾಪಸ್ ಡ್ಯೂಟಿಗೆ ಬಂದರು, ಇಷ್ಟೇ. ತಗೊಂಡವನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಕೊಟ್ಟವನ ಬಗ್ಗೆ, ಕೊಡುವ ಹಾಗೆ ಮಾಡಿದ ವ್ಯವಸ್ಥೆ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಇವತ್ತು ಒಬ್ಬರ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮಾರ್ಕ್ ಪೀತ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನವರು, 1953ರಲ್ಲಿ ಹುಟ್ಟಿದವರು. ವಕೀಲರು, ಅಪರಾಧಶಾಸ್ತ್ರಜ್ಞರು. ಬಾಸೆಲ್ ವಿಶ್ವವಿದ್ಯಾಲಯದಲ್ಲಿ 1993ರಿಂದ ಕ್ರಿಮಿನಲ್ ಕಾನೂನು ಮತ್ತು ಅಪರಾಧಶಾಸ್ತ್ರದ ಪ್ರೊಫೆಸರ್ ಆಗಿದ್ದರು. ಅದಕ್ಕಿಂತ ಮೊದಲು, 1989ರಿಂದ 1993ರ ವರೆಗೆ, ಸ್ವಿಸ್ ಸರ್ಕಾರದ ನ್ಯಾಯ ಇಲಾಖೆಯಲ್ಲಿ ಆರ್ಥಿಕ ಅಪರಾಧಗಳ ವಿಭಾಗ ನೋಡಿಕೊಳ್ಳುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ಕಪ್ಪುಹಣ ಬಿಳಿ ಮಾಡುವುದು ಅಪರಾಧ ಅಂತ ಕಾನೂನು ಜಾರಿಗೆ ಬಂದದ್ದೇ 1990ರಲ್ಲಿ. ಬೋಫೋರ್ಸ್ ಫಿರಂಗಿ ಖರೀದಿಯ ಲಂಚದ ಗಲಾಟೆ ನೋಡಿದವರಿಗೆ ಸ್ವಿಸ್ ಬ್ಯಾಂಕ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. 1987ರಲ್ಲಿ ಸ್ವೀಡನ್ ರೇಡಿಯೊದಲ್ಲಿ ಸುದ್ದಿ ಬಂತು. ಸ್ವಿಸ್ ಬ್ಯಾಂಕಿನ ಕಾಗದ ಭಾರತದ ಕೈಗೆ ಬಂದದ್ದು 1997ರಲ್ಲಿ. ಆ ಬಾಗಿಲನ್ನು ಒಳಗಿನಿಂದ ತೆಗೆಯಲು ಕೆಲಸ ಮಾಡಿದವರಲ್ಲಿ ಇವರೂ ಒಬ್ಬರು.

ಆದರೆ ನನಗೆ ಇವರ ನಿಜವಾದ ಕೆಲಸ ಅನಿಸುವುದು ಒಇಸಿಡಿಯದು. ಶ್ರೀಮಂತ ದೇಶಗಳ ಆ ಕೂಟದಲ್ಲಿ ಲಂಚದ ಬಗ್ಗೆ ಇದ್ದ ಕಾರ್ಯಗುಂಪಿಗೆ 1990ರಿಂದ 2013ರ ವರೆಗೆ ಇವರೇ ಅಧ್ಯಕ್ಷರು. ಆಗ ಯುರೋಪಿನ ಪರಿಸ್ಥಿತಿ ಹೇಗಿತ್ತು ಅಂದರೆ, ಹೊರದೇಶದ ಅಧಿಕಾರಿಗೆ ಲಂಚ ಕೊಟ್ಟರೆ ತಮ್ಮ ದೇಶದಲ್ಲಿ ಅದು ತಪ್ಪೇ ಅಲ್ಲ. ಜರ್ಮನಿಯಲ್ಲಿ 1999ರ ವರೆಗೂ ಅಂಥ ಲಂಚವನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸಿಕೊಳ್ಳಬಹುದಿತ್ತು! ನಮ್ಮಂಥ ದೇಶಗಳಿಗೆ ಭ್ರಷ್ಟ ಅಂತ ಹೆಸರು, ಕೊಟ್ಟ ಕಂಪನಿಗೆ ತೆರಿಗೆ ವಿನಾಯಿತಿ. ಅಮೆರಿಕ ಮಾತ್ರ 1977ರಲ್ಲೇ ಹೊರದೇಶದ ಲಂಚವನ್ನು ಅಪರಾಧ ಅಂತ ಮಾಡಿತ್ತು. ಬೇರೆಯವರು ತಮ್ಮ ಕಂಪನಿಗಳಿಗೆ ನಷ್ಟ ಆಗುತ್ತದೆ ಅಂತ ಸುಮ್ಮನಿದ್ದರು.

1997ರ ಡಿಸೆಂಬರಿನಲ್ಲಿ ಒಇಸಿಡಿ ಲಂಚ ವಿರೋಧಿ ಒಪ್ಪಂದಕ್ಕೆ ಸಹಿ ಬಿತ್ತು. 1999ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಒಪ್ಪಂದಗಳು ನೂರಾರು ಇವೆ, ಸಹಿ ಹಾಕಿ ಮರೆತುಬಿಡುತ್ತಾರೆ. ಇದು ಉಳಿದದ್ದು ಬೇರೆ ಕಾರಣಕ್ಕೆ. ಪ್ರತಿ ದೇಶವನ್ನೂ ಬೇರೆ ದೇಶದವರು ಬಂದು ಪರೀಕ್ಷೆ ಮಾಡುತ್ತಾರೆ. ಮೊದಲ ಹಂತದಲ್ಲಿ ಕಾನೂನು ಮಾಡಿದ್ದೀರಾ ಅಂತ. ಎರಡನೇ ಹಂತದಲ್ಲಿ ಆ ದೇಶಕ್ಕೇ ಹೋಗಿ, ಅಲ್ಲಿನ ಪೊಲೀಸರು, ಪ್ರಾಸಿಕ್ಯೂಟರ್‌ಗಳು, ಪತ್ರಕರ್ತರ ಹತ್ತಿರ ಕೂತು, ಆ ಕಾನೂನನ್ನು ಬಳಸಿದ್ದೀರಾ ಅಂತ. ವರದಿ ಎಲ್ಲರೂ ಓದುವ ಹಾಗೆ ಪ್ರಕಟ ಆಗುತ್ತದೆ. 2006ರ ಡಿಸೆಂಬರಿನಲ್ಲಿ ಬ್ರಿಟನ್ ಸರ್ಕಾರ ಬಿಎಇ ಕಂಪನಿಯ ಸೌದಿ ಶಸ್ತ್ರಾಸ್ತ್ರ ವ್ಯವಹಾರದ ತನಿಖೆ ನಿಲ್ಲಿಸಿತು. ರಾಷ್ಟ್ರದ ಭದ್ರತೆ ಅಂತ ಕಾರಣ ಕೊಟ್ಟಿತು. ಪೀತ್ ಅವರ ಗುಂಪು ಬ್ರಿಟನ್ನನ್ನೂ ಬಿಡಲಿಲ್ಲ, ಬಹಿರಂಗವಾಗಿ ಆಕ್ಷೇಪ ಎತ್ತಿತು. 2010ರಲ್ಲಿ ಬ್ರಿಟನ್ ಹೊಸ ಲಂಚ ಕಾಯ್ದೆ ತಂತು. ಲಂಚ ತಡೆಯಲು ಕಂಪನಿಯೇ ಏರ್ಪಾಡು ಮಾಡದಿದ್ದರೆ ಅದೂ ಅಪರಾಧ ಅಂತ ಆಯಿತು.

ಇನ್ನೊಂದು ಕೆಲಸ ನಮ್ಮ ದೇಶದ ರಾಜಕೀಯವನ್ನೂ ಅಲ್ಲಾಡಿಸಿತು. ಸದ್ದಾಂ ಕಾಲದ ಇರಾಕಿಗೆ ವಿಶ್ವಸಂಸ್ಥೆ ನಡೆಸಿದ 'ಆಹಾರಕ್ಕಾಗಿ ತೈಲ' ಯೋಜನೆಯ ಅವ್ಯವಹಾರ ತನಿಖೆ ಮಾಡಲು 2004ರಲ್ಲಿ ಮೂವರ ಸಮಿತಿ ಆಯಿತು. ಪಾಲ್ ವೋಲ್ಕರ್, ರಿಚರ್ಡ್ ಗೋಲ್ಡ್‌ಸ್ಟೋನ್, ಮಾರ್ಕ್ ಪೀತ್. ಹೌದು, ನಾವು ಪೇಪರಿನಲ್ಲಿ ಓದಿದ 'ವೋಲ್ಕರ್ ವರದಿ' ಅದೇ. ಅದರಲ್ಲಿ ಹೆಸರು ಬಂದ ಮೇಲೆ ನಟವರ್ ಸಿಂಗ್ ವಿದೇಶಾಂಗ ಖಾತೆ ಕಳೆದುಕೊಂಡರು, ಆಮೇಲೆ ಮಂತ್ರಿ ಸ್ಥಾನವನ್ನೂ ಬಿಟ್ಟರು. ಅವರು ಆರೋಪವನ್ನು ಕೊನೆಯವರೆಗೂ ಒಪ್ಪಲಿಲ್ಲ. ನನಗೆ ಆ ವರದಿಯಲ್ಲಿ ಮುಖ್ಯ ಅನಿಸಿದ್ದು ಹೆಸರುಗಳಲ್ಲ, ವಿಧಾನ. ಇರಾಕಿಗೆ ಸಾಮಾನು ಮಾರಬೇಕಾದರೆ ಕಂಪನಿಗಳು 'ಮಾರಾಟದ ನಂತರದ ಸೇವಾ ಶುಲ್ಕ' ಅಂತ ಸಾಮಾನ್ಯವಾಗಿ 10 ಪರ್ಸೆಂಟ್ ಸೇರಿಸಿ ಬಿಲ್ ಮಾಡುತ್ತಿದ್ದವು. ಸೇವೆ ಏನೂ ಇಲ್ಲ. ಆ ದುಡ್ಡು ಸುತ್ತಿಬಳಸಿ ಸದ್ದಾಂ ಸರ್ಕಾರಕ್ಕೆ ಹೋಗುತ್ತಿತ್ತು. ಎರಡು ಸಾವಿರಕ್ಕಿಂತ ಹೆಚ್ಚು ಕಂಪನಿಗಳು ಇದರಲ್ಲಿ ಇದ್ದವು. ಬಿಲ್ಲಿನ ಒಂದು ಸಾಲಿನಲ್ಲಿ ಇಡೀ ಹಗರಣ ಕೂತಿತ್ತು. ಹೆಸರು ಚೆಂದ ಇದ್ದರೆ ಲಂಚ ಶುಲ್ಕ ಆಗಿಬಿಡುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಕೊಡುವ ಕಡೆಯಿಂದಲೂ ನೋಡುವ ಈ ರೀತಿ ಕೊಡಗಿಗೆ ಉಪಯೋಗ ಆಗುತ್ತದಾ? ಇಲ್ಲಿ ಕೊಡುವವರು ನಾವೇ. ತೋಟದವರು, ವ್ಯಾಪಾರಿಗಳು, ಹೋಂಸ್ಟೇ ನಡೆಸುವವರು.

ಗೋಣಿಕೊಪ್ಪ_ಮೆಣಸು:

ಒಳ್ಳೆ ಬರಹ. ಆದರೆ ಒಂದು ಮಾತು ಒಪ್ಪಲು ಕಷ್ಟ. ಶಸ್ತ್ರಾಸ್ತ್ರ ಮಾರುವ ಕಂಪನಿ ಕೊಡುವ ಲಂಚ ಬೇರೆ, ಎರಡು ಎಕರೆ ತೋಟದವನು ತನ್ನದೇ ಹೆಸರು ಆರ್‌ಟಿಸಿಗೆ (ಪಹಣಿಗೆ) ಸೇರಿಸಲು ಕೊಡುವ ದುಡ್ಡು ಬೇರೆ. ಮೊದಲನೆಯವನು ತನಗೆ ಸಿಗಬಾರದ್ದನ್ನು ಕೊಂಡುಕೊಳ್ಳುತ್ತಾನೆ. ಎರಡನೆಯವನು ತನಗೆ ಸಿಗಲೇಬೇಕಾದ್ದಕ್ಕೆ ದಂಡ ಕಟ್ಟುತ್ತಾನೆ. ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಬೇಡಿ.

ಮೊದಲನೆಯ ಜಾತಿಯದು ಬೇಕಾದರೆ ನಮ್ಮಲ್ಲೂ ಇದೆ. 2017ರಲ್ಲಿ ವಿಯೆಟ್ನಾಂ ಮೆಣಸಿನ ಗಲಾಟೆ ನೆನಪಿದೆಯಲ್ವಾ? ಶ್ರೀಲಂಕಾದ ಮಾಲು ಅಂತ ಕಾಗದ ಮಾಡಿಸಿದರೆ ಸುಂಕ ಕಡಿಮೆ. ವಿಯೆಟ್ನಾಂ ಮಾಲು ಹಾಗೆ ಒಳಗೆ ಬಂತು, ಇಲ್ಲಿನ ಮೆಣಸಿನ ಜೊತೆ ಸೇರಿತು ಅಂತ ಗೋಣಿಕೊಪ್ಪ ಎಪಿಎಂಸಿ ಮುಂದೆ ಬೆಳೆಗಾರರು ಬೀದಿಗೆ ಇಳಿದರು. ಬೆಲೆ ಪಾತಾಳಕ್ಕೆ ಹೋಗಿತ್ತು. ಆ ವರ್ಷ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ಅಲ್ಲಿ ಬೇಕಾಗಿದ್ದುದು ಲಂಚ ತಗೊಳ್ಳುವಾಗಲೇ ಹಿಡಿಯುವ ಟ್ರ್ಯಾಪ್ ಅಲ್ಲ. ಮೂಲದ ಸರ್ಟಿಫಿಕೇಟ್, ಬಂದರಿನ ಬಿಲ್, ಎಪಿಎಂಸಿ ಪರ್ಮಿಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದಬಲ್ಲ ಒಬ್ಬ ಮನುಷ್ಯ. ಆ ಕೆಲಸ ಕಲಿತವರು ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ಹೇಳಿ.

ವಿರಾಜಪೇಟೆ_ವಕೀಲ:

ಮೆಣಸು ಅವರು ಹೇಳಿದ ವ್ಯತ್ಯಾಸ ಸರಿಯಾಗಿದೆ. ಕಾನೂನಿನಲ್ಲೂ ಅದಕ್ಕೆ ಜಾಗ ಇದೆ, ಜನಕ್ಕೆ ಗೊತ್ತಿಲ್ಲ ಅಷ್ಟೇ.

ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. 2018ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಲಂಚ ತಗೊಂಡ ಸರ್ಕಾರಿ ನೌಕರನಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಕೊಟ್ಟವನಿಗೂ 7 ವರ್ಷದವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಆದರೆ ಬಲವಂತಕ್ಕೆ ಕೊಟ್ಟಿದ್ದರೆ, ಕೊಟ್ಟ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನು ಅಪರಾಧಿ ಅಲ್ಲ. ಕೊಡುವ ಮೊದಲೇ ತಿಳಿಸಿ ಟ್ರ್ಯಾಪ್‌ಗೆ ಸಹಕರಿಸಿದವರಿಗೂ ರಕ್ಷಣೆ ಇದೆ. ಮಾದಾಪುರ ಅವರು ಹೇಳಿದ ಬ್ರಿಟನ್ ಕಾಯ್ದೆಯ ನೆರಳು ಇಲ್ಲೂ ಬಿದ್ದಿದೆ. 9ನೇ ಸೆಕ್ಷನ್ ಪ್ರಕಾರ ಕಂಪನಿಯ ಪರವಾಗಿ ಯಾರಾದರೂ ಲಂಚ ಕೊಟ್ಟರೆ ಕಂಪನಿಯೇ ಹೊಣೆ. ತಡೆಯಲು ಸಾಕಷ್ಟು ಏರ್ಪಾಡು ಮಾಡಿದ್ದೆವು ಅಂತ ಕಂಪನಿಯೇ ತೋರಿಸಬೇಕು.

ಟ್ರ್ಯಾಪ್ ಅಂದರೆ ಹೇಗೆ ನಡೆಯುತ್ತದೆ ಅಂತ ಬಹಳ ಜನಕ್ಕೆ ಅಂದಾಜಿಲ್ಲ. ದೂರುದಾರ ತಂದ ನೋಟುಗಳ ನಂಬರ್ ಬರೆದುಕೊಳ್ಳುತ್ತಾರೆ. ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ಬಿಳಿ ಪುಡಿ, ಕಣ್ಣಿಗೆ ಕಾಣುವುದಿಲ್ಲ. ಬೇರೆ ಇಲಾಖೆಯ ಇಬ್ಬರನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ ಕರೆಸುತ್ತಾರೆ. ಅವರಲ್ಲಿ ಒಬ್ಬರು ದೂರುದಾರನ ಜೊತೆ ಒಳಗೆ ಹೋಗಿ ಮಾತು ಕೇಳಿಸಿಕೊಳ್ಳಬೇಕು. ದೂರುದಾರ ಹಣ ಕೊಟ್ಟು ಹೊರಗೆ ಬಂದು ಸನ್ನೆ ಮಾಡುತ್ತಾನೆ, ತಲೆ ಸವರಿಕೊಳ್ಳುವುದೋ ಕರ್ಚೀಫ್ ತೆಗೆಯುವುದೋ. ಪೊಲೀಸರು ಒಳಗೆ ಹೋಗಿ ಅಧಿಕಾರಿಯ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಆಗುತ್ತದೆ. ಅದನ್ನು ಬಾಟಲಿಗೆ ಹಾಕಿ ಸೀಲ್ ಮಾಡಿ, ಮಹಜರು ಬರೆದು, ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಪೇಪರಿನವರಿಗೆ ಕಥೆ ಅಲ್ಲಿಗೆ ಮುಗಿಯಿತು. ಕೋರ್ಟಿನಲ್ಲಿ ಅಲ್ಲಿಂದ ಶುರು. ಗುಲಾಬಿ ನೀರು ಹಣ ಮುಟ್ಟಿದ್ದನ್ನು ಹೇಳುತ್ತದೆ, ಕೇಳಿದ್ದನ್ನು ಹೇಳುವುದಿಲ್ಲ. 'ಕೇಳಿದರು' ಅನ್ನುವುದು ಸಾಬೀತಾಗದೆ ಶಿಕ್ಷೆ ಇಲ್ಲ. ವಿಚಾರಣೆಗೆ ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ದೂರುದಾರನ ಕೆಲಸ ಅಷ್ಟರಲ್ಲಿ ಆಗಿರುತ್ತದೆ. ಅಥವಾ ಅದೇ ಕಚೇರಿಯಲ್ಲಿ ಇನ್ನೊಂದು ಕೆಲಸ ಬಿದ್ದಿರುತ್ತದೆ. ಬೋನಿಗೆ ಹತ್ತಿ 'ನೆನಪಿಲ್ಲ ಸ್ವಾಮಿ' ಅನ್ನುತ್ತಾನೆ.

ಇದಕ್ಕೆ 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ ದಾರಿ ತೋರಿಸಿತು. ದೂರುದಾರ ತೀರಿಹೋದರೂ, ಉಲ್ಟಾ ಹೊಡೆದರೂ, ಬೇರೆ ಸಾಕ್ಷಿಗಳಿಂದ, ಸಾಂದರ್ಭಿಕ ಸಾಕ್ಷ್ಯದಿಂದ 'ಕೇಳಿದ್ದು' ಸಾಬೀತು ಮಾಡಬಹುದು. ಆ ಪೀಠದಲ್ಲಿ ನಮ್ಮ ಕೊಡಗಿನ ನ್ಯಾಯಮೂರ್ತಿ ಎ.ಎಸ್. ಬೋಪಣ್ಣನವರೂ ಇದ್ದರು. ತೀರ್ಪು ಬರೆದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪೀಠದ ಮುಖ್ಯಸ್ಥರಾಗಿದ್ದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಸೇರಿ ನಮ್ಮ ರಾಜ್ಯದ ಮೂವರು ಅಲ್ಲಿದ್ದರು ಅಂತ ನನಗೆ ತುಂಬಾ ಹೆಮ್ಮೆ.

ಪೊನ್ನಂಪೇಟೆ_ಹಾಕಿ:

ಪೀತ್ ಹೆಸರು ನಾನು ಕೇಳಿದ್ದು ಫಿಫಾದಿಂದ. 2011ರಲ್ಲಿ ಫುಟ್‌ಬಾಲ್ ಆಡಳಿತ ಸರಿ ಮಾಡಲು ಒಂದು ಸ್ವತಂತ್ರ ಸಮಿತಿ ಮಾಡಿ ಇವರನ್ನು ಅಧ್ಯಕ್ಷ ಮಾಡಿದರು. ನೈತಿಕ ಸಮಿತಿಯನ್ನು ಎರಡು ಭಾಗ ಮಾಡಿಸಿದರು, ತನಿಖೆ ಮಾಡುವವರು ಬೇರೆ, ತೀರ್ಪು ಕೊಡುವವರು ಬೇರೆ. ಆದರೆ ಪದಾಧಿಕಾರಿಗಳಿಗೆ ವಯಸ್ಸಿನ ಮಿತಿ, ಅವಧಿಯ ಮಿತಿ ಬೇಕು ಅನ್ನುವುದನ್ನು 2014ರಲ್ಲಿ ಫಿಫಾ ಕಾಂಗ್ರೆಸ್ ಮತ ಹಾಕಿ ತಳ್ಳಿಹಾಕಿತು. ಮುಂದಿನ ವರ್ಷ ಮೇ 27ರ ಬೆಳಿಗ್ಗೆ ಜೂರಿಕ್‌ನ ಹೋಟೆಲಿನಿಂದ ಫಿಫಾ ಅಧಿಕಾರಿಗಳನ್ನು ಲಂಚದ ಆರೋಪದ ಮೇಲೆ ಪೊಲೀಸರು ಕರೆದುಕೊಂಡು ಹೋದರು.

ಕೊಡಗಿನವರಿಗೆ ಇದು ದೂರದ ವಿಷಯ ಅಲ್ಲ. 2008ರಲ್ಲಿ ಭಾರತದ ಪುರುಷರ ಹಾಕಿ ತಂಡ ಮೊದಲ ಸಲ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲಿಲ್ಲ. ಅದೇ ವರ್ಷ ಆಟಗಾರರ ಆಯ್ಕೆಗೆ ಹಣ ಅನ್ನುವ ಆರೋಪ ಟಿವಿ ಕುಟುಕು ಕಾರ್ಯಾಚರಣೆಯಲ್ಲಿ ಬಂತು, ಹಾಕಿ ಫೆಡರೇಶನ್ ಅಮಾನತಾಯಿತು. ಮನೆಮನೆಯಲ್ಲಿ ಸ್ಟಿಕ್ ಇರುವ ಊರು ನಮ್ಮದು. ಮಗ ಆಡುತ್ತಾನೆ ಅಂತ ತೋಟ ಅಡವಿಟ್ಟವರಿದ್ದಾರೆ. ಆಯ್ಕೆಯ ಪಟ್ಟಿಗೆ ದುಡ್ಡು ನುಗ್ಗಿದರೆ ಯಾರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಯೋಚಿಸಿ.

ನಿವೃತ್ತ_ಕಂದಾಯ:

ಕಚೇರಿಯ ಒಳಗಿನಿಂದ ನೋಡಿದವನಾಗಿ ಎರಡು ಮಾತು.

ಅರ್ಥಶಾಸ್ತ್ರಜ್ಞ ರಾಬರ್ಟ್ ಕ್ಲಿಟ್‌ಗಾರ್ಡ್ 1988ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಒಬ್ಬನ ಕೈಯಲ್ಲೇ ಅಧಿಕಾರ ಇರಬೇಕು, ಅದರ ಜೊತೆ ಮನಸ್ಸಿಗೆ ಬಂದ ಹಾಗೆ ತೀರ್ಮಾನ ಮಾಡುವ ಅವಕಾಶ ಇರಬೇಕು, ಕೇಳುವವರು ಇರಬಾರದು. ಅಲ್ಲಿ ಲಂಚ ಹುಟ್ಟುತ್ತದೆ. ಕೊಡಗಿನ ಜಮೀನಿಗೆ ಇದನ್ನು ಹಾಕಿ ನೋಡಿ, ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ಬೇರೆ ಜಿಲ್ಲೆಯವರಿಗೆ ಜಮ್ಮಾ ಅಂದರೆ ಅರ್ಥ ಆಗುವುದಿಲ್ಲ. ರಾಜರ ಕಾಲದಿಂದ ಬಂದು, 1899ರ ಕೊಡಗು ಭೂಕಂದಾಯ ರೆಗ್ಯುಲೇಶನ್‌ನಲ್ಲೂ ಜಾಗ ಪಡೆದ ಪದ್ಧತಿ. ಜಮೀನು ಒಕ್ಕದ್ದು, ಅಂದರೆ ಇಡೀ ಕುಲದ್ದು; ದಾಖಲೆ ಮಾತ್ರ ಒಕ್ಕದ ಹಿರಿಯನಾದ ಪಟ್ಟೇದಾರನ ಹೆಸರಿನಲ್ಲಿ. ಆರ್‌ಟಿಸಿ 9ನೇ ಕಾಲಂ ತೆಗೆದು ನೋಡಿದರೆ ಎಷ್ಟೋ ಕಡೆ ಅಜ್ಜನ ಅಪ್ಪನ ಹೆಸರು ಕೂತಿರುತ್ತದೆ. ಈಗ ಸಾಗು ಮಾಡುವವನು ಸಾಲಕ್ಕೆ ಹೋದರೆ ಬ್ಯಾಂಕ್ ಒಪ್ಪುವುದಿಲ್ಲ. ಬಾಣೆ (ಗದ್ದೆಗೆ ಸೇರಿದ ಮರಗಾಡಿನ) ಜಮೀನಿನ ಹಕ್ಕಿಗೆ 2011ರಲ್ಲಿ ಕಂದಾಯ ಕಾಯ್ದೆ ತಿದ್ದುಪಡಿ ಆಯಿತು, ನಿಜ. ಆದರೆ ಒಂದೊಂದು ಸರ್ವೆ ನಂಬರಿಗೂ ವಂಶವೃಕ್ಷ, ಒಪ್ಪಿಗೆ ಪತ್ರ, ಸರ್ವೆ ಸ್ಕೆಚ್. ಯಾವ ಕಾಗದ ಸಾಕು, ಯಾವುದು ಸಾಲದು ಅಂತ ಹೇಳುವವನು ಒಬ್ಬನೇ. 'ಇನ್ನೊಂದು ಕಾಗದ ಬೇಕಿತ್ತಲ್ಲ' ಅನ್ನುವ ಆ ಮಾತಿನಲ್ಲೇ ರೇಟು ಇದೆ.

ಮರದ್ದೂ ಹಾಗೇ. ರಿಡೀಮ್ಡ್, ಅಂದರೆ ಮರದ ಬೆಲೆ ಹಿಂದೆಯೇ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನಾದರೆ ಮರ ನಿಮ್ಮದು. ಅನ್‌ರಿಡೀಮ್ಡ್ ಆದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಬೇಕು. ಯಾವುದು ಯಾವುದು ಅನ್ನುವುದು ಹಳೆ ದಾಖಲೆಯಲ್ಲಿದೆ. ಆ ದಾಖಲೆ ಬೀರುವಿನಲ್ಲಿದೆ. ಬೀರುವಿನ ಕೀಲಿ ಒಬ್ಬರ ಹತ್ತಿರ.

ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಬಂದಾಗ ಪಹಣಿ ಕೊಡುವ ಜಾಗದಲ್ಲಿ ಲಂಚ ಕಡಿಮೆ ಆಯಿತು, ಅದು ನಾನು ಕಣ್ಣಾರೆ ಕಂಡದ್ದು. ಪ್ರಿಂಟ್ ಯಾರು ಬೇಕಾದರೂ ತೆಗೆಯಬಹುದು, ಅಲ್ಲಿ ಯಾರ ಮರ್ಜಿಯೂ ಇಲ್ಲ. ಆದರೆ ತಿದ್ದುಪಡಿ ಬೇಕಾದಲ್ಲಿ, ಸರ್ವೆ ಬೇಕಾದಲ್ಲಿ ಅದು ಉಳಿದೇ ಇದೆ. ಒಬ್ಬನನ್ನು ಹಿಡಿದರೆ ಆ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ. ಕೆಟ್ಟವನೇ ಬರಬೇಕು ಅಂತಿಲ್ಲ. ಕುರ್ಚಿಯೇ ಹಾಗಿದೆ.

ಸುಂಟಿಕೊಪ್ಪ_ಕಾನೂನು:

ನಾನು ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಇಂಥ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಮನೆಯಲ್ಲಿ ಜಡ್ಜ್ ಪರೀಕ್ಷೆ ಬರಿ, ಇಲ್ಲದಿದ್ದರೆ ಕೆಎಎಸ್ ಬರಿ ಅನ್ನುತ್ತಾರೆ. ಅಪರಾಧಶಾಸ್ತ್ರ ಅಂದರೆ ಫೊರೆನ್ಸಿಕ್ ಅಂದುಕೊಳ್ಳುತ್ತಾರೆ. ಎಲ್ಲಿಂದ ಶುರು ಮಾಡಬೇಕು, ಯಾರಾದರೂ ಹೇಳುತ್ತೀರಾ?

ಮಾದಾಪುರ_ತೋಟ:

ಸುಂಟಿಕೊಪ್ಪ ಅವರೇ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿ ಆಯಿತು.

ಅಪರಾಧಶಾಸ್ತ್ರ ರಕ್ತದ ಕಲೆ, ಬೆರಳಚ್ಚು ಮಾತ್ರ ಅಲ್ಲ. 1939ರಲ್ಲಿ ಎಡ್ವಿನ್ ಸದರ್‌ಲೆಂಡ್ ಅಮೆರಿಕದ ಸಮಾಜಶಾಸ್ತ್ರಜ್ಞರ ಸಭೆಯಲ್ಲಿ ಎದ್ದು ನಿಂತು, ಅಪರಾಧ ಬಡತನದಿಂದ ಮಾತ್ರ ಹುಟ್ಟುವುದಲ್ಲ, ಕೋಟು ಹಾಕಿದವರು ಕಚೇರಿಯಲ್ಲಿ ಕೂತು ಮಾಡುವ ಅಪರಾಧವನ್ನೂ ಲೆಕ್ಕಕ್ಕೆ ತಗೊಳ್ಳಿ ಅಂದರು. ಅವರ ಶಿಷ್ಯ ಡೊನಾಲ್ಡ್ ಕ್ರೆಸ್ಸಿ ಜೈಲುಗಳಿಗೆ ಹೋಗಿ, ನಂಬಿಕೆ ದ್ರೋಹ ಮಾಡಿ ಒಳಗೆ ಬಂದವರನ್ನು ಕೂರಿಸಿ ಮಾತಾಡಿಸಿದರು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹಣದ ಕಷ್ಟ, ಕೈಗೆ ಸಿಕ್ಕ ಅವಕಾಶ, ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ, ಈ ಮೂರೂ ಅಲ್ಲಿ ಕಂಡವು. 'ಎಲ್ಲರೂ ತಗೊಳ್ತಾರೆ' ಅನ್ನುವ ಮಾತು ಆ ಮೂರನೆಯದು. ನಿವೃತ್ತ ಕಂದಾಯ ಅವರು ಹೇಳಿದ ಬೀರುವಿನ ಕೀಲಿ ಎರಡನೆಯದು.

ಇಂಥ ಸಂಶೋಧನೆಯಿಂದ ಪದೇ ಪದೇ ಬಂದ ಇನ್ನೊಂದು ಮಾತು: ಶಿಕ್ಷೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಅನ್ನುವುದು ಜನರನ್ನು ಜಾಸ್ತಿ ತಡೆಯುತ್ತದೆ. ಬೆಕಾರಿಯಾ 1764ರಲ್ಲೇ ಇದನ್ನು ಬರೆದಿದ್ದರು. ನಮ್ಮಲ್ಲಿ ಮಾತ್ರ ಪ್ರತಿ ಹಗರಣದ ನಂತರ ಗಲ್ಲಿಗೆ ಹಾಕಿ ಅನ್ನುತ್ತೇವೆ.

ಓದಿನ ವಿಷಯ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ವಿಭಾಗ ಇದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲೂ ಇದೆ. ಎಲ್‌ಎಲ್‌ಬಿ ಮುಗಿಸಿ ಅದನ್ನು ಮಾಡಬಹುದು. ಹೊರಗೆ ಹೋಗುವುದಾದರೆ ಆಸ್ಟ್ರಿಯಾದಲ್ಲಿ ಅಂತರರಾಷ್ಟ್ರೀಯ ಭ್ರಷ್ಟಾಚಾರ ವಿರೋಧಿ ಅಕಾಡೆಮಿ ಇದೆ, ಮಾಸ್ಟರ್ಸ್ ಪದವಿ ಕೊಡುತ್ತದೆ. ಪೀತ್ ಅವರೇ 2003ರಲ್ಲಿ ಬಾಸೆಲ್ ಇನ್‌ಸ್ಟಿಟ್ಯೂಟ್ ಆನ್ ಗವರ್ನೆನ್ಸ್ ಕಟ್ಟಿದರು. ಕದ್ದ ಸರ್ಕಾರಿ ಹಣವನ್ನು ಹೊರದೇಶದ ಬ್ಯಾಂಕಿನಿಂದ ವಾಪಸ್ ತರುವುದು ಹೇಗೆ ಅಂತ ಅಲ್ಲಿ ದೇಶದೇಶದ ತನಿಖಾಧಿಕಾರಿಗಳಿಗೆ ತರಬೇತಿ ಕೊಡುತ್ತಾರೆ.

ಆದರೆ ಅದಕ್ಕೆ ಮೊದಲು ಊರಿನಲ್ಲೇ ಒಂದು ಕೆಲಸ ಮಾಡಿ ಅನ್ನುತ್ತೇನೆ. ಮಡಿಕೇರಿ ಜಿಲ್ಲಾ ನ್ಯಾಯಾಲಯದಲ್ಲಿ ತೀರ್ಮಾನ ಆದ ಲಂಚದ ಪ್ರಕರಣಗಳ ತೀರ್ಪುಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ ಓದಿ. ಯಾವ ಕೆಲಸಕ್ಕೆ ಹಣ ಕೇಳಿದ್ದರು, ದೂರಿನಿಂದ ತೀರ್ಪಿಗೆ ಎಷ್ಟು ವರ್ಷ, ದೂರುದಾರ ಉಲ್ಟಾ ಹೊಡೆದನಾ, ಖುಲಾಸೆ ಆದರೆ ಯಾವ ಕಾರಣಕ್ಕೆ. ಒಂದು ಟೇಬಲ್ ಮಾಡಿ. ಅಂಥ ಟೇಬಲ್ ನಮ್ಮ ಜಿಲ್ಲೆಗೆ ಯಾರೂ ಮಾಡಿದ್ದು ನಾನು ನೋಡಿಲ್ಲ. ಪೀತ್ ಅವರ ಗುಂಪು ದೇಶಗಳಿಗೆ ಮಾಡಿದ್ದು ಇದನ್ನೇ. ಕಾನೂನು ಇದೆಯಾ ಅಂತ ಕೇಳಿ ಬಿಡಲಿಲ್ಲ, ಬಳಸಿದ್ದೀರಾ ಅಂತ ಎಣಿಸಿದರು.

ಗೋಣಿಕೊಪ್ಪ_ಮೆಣಸು:

ಟೇಬಲ್ ಆಗಲಿ, ನಾನೂ ಕೈಜೋಡಿಸುತ್ತೇನೆ. ಆದರೆ ಕೊಡುವವನ ವಿಷಯಕ್ಕೆ ವಾಪಸ್ ಬರುತ್ತೇನೆ. 2011ರಲ್ಲಿ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಕೌಶಿಕ್ ಬಸು ಒಂದು ಸಲಹೆ ಕೊಟ್ಟಿದ್ದರು. ತನಗೆ ಬರಬೇಕಾದ ಸೇವೆಗೆ ಬಲವಂತದಿಂದ ಲಂಚ ಕೊಟ್ಟವನಿಗೆ ಶಿಕ್ಷೆಯೇ ಬೇಡ, ತಗೊಂಡವನಿಗೆ ಮಾತ್ರ ಇರಲಿ, ಹಣವೂ ವಾಪಸ್ ಬರಲಿ. ಆಗ ಕೊಟ್ಟವನು ಧೈರ್ಯವಾಗಿ ದೂರು ಕೊಡುತ್ತಾನೆ. ತಗೊಳ್ಳುವವನಿಗೆ ಆ ಭಯ ಇರುತ್ತದೆ. 2018ರ ಕಾನೂನು ಅದಕ್ಕೆ 7 ದಿನದ ಗಡುವು ಹಾಕಿದೆ. ತೋಟದ ಕೆಲಸ ಬಿಟ್ಟು, ಮಳೆಯಲ್ಲಿ, ದೂರದ ಹಳ್ಳಿಯಿಂದ ಮಡಿಕೇರಿಗೆ ಬಂದು 7 ದಿನದಲ್ಲಿ ದೂರು ಕೊಡುವವನು ಯಾರು? ಕೆಲಸ ಇನ್ನೂ ಆಗಿರುವುದೇ ಇಲ್ಲ. ಈಗಲೇ ದೂರು ಕೊಟ್ಟರೆ ಫೈಲ್ ಅಲ್ಲೇ ಕೂರುತ್ತದೆ. ಗಡುವು ಕೆಲಸ ಆದ ದಿನದಿಂದ ಶುರುವಾಗಬೇಕು.

ನಮ್ಮ ಮನೆಯದೇ ಒಂದು ಅರ್ಜಿ ಒಂದು ಕಚೇರಿಯಲ್ಲಿ ಎರಡು ಮಳೆಗಾಲ ಕೂತಿತ್ತು. ಬಾಯಿ ಬಿಟ್ಟು ಯಾರೂ ಏನೂ ಕೇಳಲಿಲ್ಲ. 'ನೋಡೋಣ' ಅಂತಿದ್ದರು. ಅದನ್ನು ಯಾವ ಸೆಕ್ಷನ್ನಿಗೆ ಹಾಕುತ್ತೀರಿ?

ವಿರಾಜಪೇಟೆ_ವಕೀಲ:

ಗಡುವಿನ ಬಗ್ಗೆ ನೀವು ಹೇಳಿದ್ದು ನ್ಯಾಯ. ಅದು ಬದಲಾಗಬೇಕು ಅಂತ ನನ್ನ ಅಭಿಪ್ರಾಯವೂ ಹೌದು.

'ನೋಡೋಣ'ಕ್ಕೆ ಲಂಚದ ಕಾಯ್ದೆಯಲ್ಲಿ ಮದ್ದು ಕಡಿಮೆ. ಅದಕ್ಕೆ ಸಕಾಲ ಇದೆ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಲೇಬೇಕು ಅನ್ನುವ ಕಾನೂನು. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಲ್ಲೆಲ್ಲ ಜಾರಿಯಲ್ಲಿದೆ. ಅರ್ಜಿ ಕೊಟ್ಟ ದಿನವೇ 15 ಅಂಕಿಯ ಜಿಎಸ್‌ಸಿ ನಂಬರ್ (ಸಕಾಲ ಅರ್ಜಿಯ ಸ್ವೀಕೃತಿ ಸಂಖ್ಯೆ) ಕೇಳಿ ಪಡೆಯಿರಿ. ಅದು ಕೈಯಲ್ಲಿ ಇಲ್ಲದಿದ್ದರೆ ತಡ ಆಗಿದೆ ಅಂತ ಸಾಬೀತು ಮಾಡುವುದೇ ಕಷ್ಟ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಹಣ ಸಣ್ಣದು, ಆದರೆ ತಡ ಮಾಡಿದ ಅಧಿಕಾರಿಯ ಹೆಸರು ದಾಖಲೆಗೆ ಹೋಗುತ್ತದೆ. ಸೇವೆ ಸಕಾಲದ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೇಳಿ. ಯಾವ ಟೇಬಲ್‌ನಲ್ಲಿ ಎಷ್ಟು ದಿನ ಕೂತಿತ್ತು ಅಂತ ಅದರಲ್ಲೇ ತಾರೀಕು ಸಮೇತ ಇರುತ್ತದೆ.

ಯಾರಾದರೂ ಬಾಯಿ ಬಿಟ್ಟು ಕೇಳಿದರೆ, ಹಣ ಕೊಡುವ ಮೊದಲೇ ಮಡಿಕೇರಿಯ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳವನ್ನು) ರದ್ದು ಮಾಡಿದ ಮೇಲೆ ಈ ಪ್ರಕರಣಗಳು ಮತ್ತೆ ಅವರ ಕೈಗೆ ಬಂದಿವೆ. ಇಂಥ ಸ್ಥಳದಲ್ಲೇ ಹಿಡಿಯುವ ಪ್ರಕರಣಕ್ಕೆ ಅಧಿಕಾರಿಯ ಮೇಲೆ ತನಿಖೆಗೆ ಮೊದಲು ಪಡೆಯಬೇಕಾದ 17ಎ ಸೆಕ್ಷನ್ನಿನ ಪೂರ್ವಾನುಮತಿ ಬೇಕಾಗಿಲ್ಲ. ಫೋನಿನಲ್ಲಿ ಮಾತು ರೆಕಾರ್ಡ್ ಆಗಿದ್ದರೆ ಅದನ್ನು ವಾಟ್ಸಾಪಿನಲ್ಲಿ ಹತ್ತು ಜನಕ್ಕೆ ಕಳಿಸಬೇಡಿ. ಮೂಲ ಫೋನನ್ನು ಹಾಗೇ ಇಟ್ಟುಕೊಳ್ಳಿ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದಕ್ಕೆ ಪ್ರಮಾಣಪತ್ರ ಬೇಕು, ಅದನ್ನು ಮಾಡಿಸುವ ಬಗ್ಗೆ ನನ್ನನ್ನು ಇಲ್ಲೇ ಕೇಳಿ. ಸುಂಟಿಕೊಪ್ಪ ಅವರು ಟೇಬಲ್ ಶುರು ಮಾಡಿದರೆ ಖುಲಾಸೆಯ ಕಾರಣಗಳ ಕಾಲಂ ನಾನು ತುಂಬಿಸಿ ಕೊಡುತ್ತೇನೆ.